ಅಕ್ಕೋರಿಗೂ ಉಡಿ ತುಂಬಿದ ಆಯಿಗೆ

ನನ್ನ ಮುದ್ದು ಆಯಿ,

ನಾನೀಗ ರೋಣದಲ್ಲಿದ್ದೇನೆ, ಗಂಡನ ಮನೆಯಲ್ಲಿ! ಹೀಗೆ ಬರೆಯುವಾಗಲೇ ನಗು ಬರುತ್ತದೆ. ಕೈತುಂಬ ಹಸಿರು ಬಳೆ, ಒಂದೊಂದು ಸಾಲಿಗೂ ಸದ್ದು ಮಾಡುತ್ತವೆ. ಪ್ರವೀಣ ಊಟ ಮುಗಿಸಿ ತನ್ನ ಪಂಪ್‌ಸೆಟ್ಟಿನ ಅಂಗಡಿಗೆ ಹೋಗಿದ್ದಾನೆ. ನೋಡು, ಗಂಡನ ಹೆಸರು ಬರೆದೇಬಿಟ್ಟೆ! ನೀನಿದ್ದಿದ್ದರೆ ‘ಹೆಸರು ಹಿಡೀತಿಯೇನ, ಹುಚ್ಚಿ’ ಎಂದು ಬಾಯಿ ಮೇಲೆ ಒಂದು ಕೊಡುತ್ತಿದ್ದೆ. ನೀನು ಹೋಗಿ ಇನ್ನೂ ತಿಂಗಳಾಗಿಲ್ಲ. ಇಷ್ಟು ಖುಷಿ, ಇಷ್ಟು ಅಳು, ಎರಡೂ ಒಂದೇ ಎದೆಯಲ್ಲಿ ಹೇಗೆ ಇರುತ್ತವೆ ಆಯಿ? ನಿನ್ನ ಮೊಮ್ಮಗಳದು ಇಂಗ್ಲಿಷ್ ಸಾಲಿಯ ಕನ್ನಡ, ಒತ್ತಕ್ಷರ ತಪ್ಪಿದ್ದರೆ ಬೈಯಬೇಡ. ನಿನಗಂತೂ ಓದಲು ಬರುತ್ತಿರಲಿಲ್ಲ. ಈಗ ಬರುತ್ತದೆ ಎಂದು ನಂಬಿಕೊಂಡು ಬರೆಯುತ್ತಿದ್ದೇನೆ.

ನೀನು ಊಟದ ಡಬ್ಬಿ ಹಿಡಿದು, ಅಜ್ಜನ ಹೊಲವಿರುವ ಸೂಡಿಯ ದಾರಿಯಲ್ಲಿ ನಡೆದುಹೋದ ಆ ಮಧ್ಯಾಹ್ನವನ್ನು ನಾನು ಮರೆತಿಲ್ಲ. ಗಜೇಂದ್ರಗಡದ ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ, ಮಮ್ಮಿ ಪಪ್ಪಾ ಇಬ್ಬರೂ ಬಟ್ಟೆ ಅಂಗಡಿಯಲ್ಲಿದ್ದರು. ಲಕ್ಕಲಕಟ್ಟಿಯ ಯಾರೋ ಪುಣ್ಯಾತ್ಮರು ನಿನ್ನನ್ನು ಬೈಕಿನ ಮೇಲೆ ಕೂರಿಸಿಕೊಂಡು ಕರೆತಂದರು. ‘ಹೊಲದಾಗ ಅವ್ರು ಹಸಗೊಂಡಿರ್ತಾರ’ ಎಂದೆ ನೀನು. ‘ಅವ್ರು’ ಅಂದರೆ ಅಜ್ಜ. ಮಮ್ಮಿ ತೊಟ್ಟಿಲಲ್ಲಿದ್ದಾಗಲೇ ತೀರಿಹೋದ ಅಜ್ಜ. ಮಮ್ಮಿ ನಿನ್ನ ಭುಜ ಹಿಡಿದು, ‘ಅವ್ವಾ, ಅಪ್ಪ ಸತ್ತು ಭಾಳ ವರ್ಷ ಆತು’ ಎಂದಳು. ನೀನು ಅದೇ ಮೊದಲ ಸಲ ಕೇಳಿದವಳಂತೆ ಎದೆ ಬಡಿದುಕೊಂಡು ಅತ್ತೆ. ಮರುದಿನ ಮತ್ತೆ ಕೇಳಿದೆ, ಮಮ್ಮಿ ಮತ್ತೆ ಹೇಳಿದಳು, ನೀನು ಮತ್ತೆ ವಿಧವೆಯಾದೆ. ಒಂದೇ ಜೀವಕ್ಕೆ ಅದೇ ಸಾವಿನ ಸುದ್ದಿ ಎಷ್ಟು ಸಲ…

ನರಗುಂದದ ವೃದ್ಧಾಶ್ರಮಕ್ಕೆ ನಿನ್ನನ್ನು ಬಿಟ್ಟು ಬಂದ ದಿನ ಮಮ್ಮಿ ಬಸ್ಸಿನ ಕಿಟಕಿಗೆ ತಲೆ ಹಚ್ಚಿ ಕುಳಿತವಳು ಗಜೇಂದ್ರಗಡ ಬಂದ ಮೇಲೆಯೇ ತಲೆ ಎತ್ತಿದಳು. ಆದರೆ ಆಯಿ, ಅಲ್ಲಿ ನಿನ್ನನ್ನು ನೋಡಿಕೊಳ್ಳುತ್ತಿದ್ದ ಮೆಹಬೂಬಿಯನ್ನು ನಾನು ಎಂದೂ ಮರೆಯುವುದಿಲ್ಲ. ಎರಡನೇ ಭೇಟಿಯಲ್ಲೇ ಅವಳು ಮಮ್ಮಿಯನ್ನು ಬದಿಗೆ ಕರೆದು ಹೇಳಿದಳು: ‘ಅಮ್ಮಾರು ಯಜಮಾನ್ರ ಎಲ್ಲಿ ಅಂತ ಕೇಳಿದ್ರ ಹೊಲಕ್ಕ ಹೋಗ್ಯಾರ ಅಂದಬಿಡ್ರಿ ಅಕ್ಕಾ. ವಾದಾ ಹಾಕಬ್ಯಾಡ್ರಿ. ನಮಗೂ ಹಂಗ ಕಲಿಸ್ಯಾರ.’ ಮಮ್ಮಿಗೆ ಸಿಟ್ಟು ಬಂತು. ‘ದಿನಾ ಸುಳ್ಳ ಹೇಳೂದೇನ?’ ಎಂದಳು. ಮೆಹಬೂಬಿ ನಕ್ಕಳು. ‘ನಾ ಏನ್ ಹೇಳ್ಲಿರಿ, ಹೊಲಕ್ಕ ಹೋಗ್ಯಾರ ಅಂದ್ರ ಎರಡ ರೊಟ್ಟಿ ಉಣ್ತಾರ. ಸತ್ತಾರ ಅಂದ್ರ ತಾಟ ಸರಸ್ತಾರ.’

ಅಲ್ಲಿಯ ದಿನಗಳು ನಿನಗೆ ನೆನಪಿರಲಿಕ್ಕಿಲ್ಲ, ಅದಕ್ಕೇ ನಾನು ಹೇಳುತ್ತೇನೆ. ಬೆಳಿಗ್ಗೆ ಬಿಸಿಲು ಕಟ್ಟೆಗೆ ಬಂದ ಕೂಡಲೇ ನಿಮ್ಮನ್ನೆಲ್ಲ ಸಾಲಾಗಿ ಕೂರಿಸಿ ತಲೆಗೆ ಎಣ್ಣೆ ಹಚ್ಚುತ್ತಿದ್ದರು. ಎದುರಿಗೆ ಗುಡ್ಡ, ಗುಡ್ಡದ ಮೇಲೆ ಕೋಟೆ. ‘ಇದ ನಮ್ಮ ಗಜೇಂದ್ರಗಡದ ಗುಡ್ಡಲ್ಲ, ಯಾರ ಬದ್ಲಿ ಮಾಡ್ಯಾರಿದನ್ನ?’ ಎಂದು ನೀನು ದಿನಾ ಜಗಳ ತೆಗೆಯುತ್ತಿದ್ದೆಯಂತೆ! ನಿನ್ನ ಕೋಣೆಯ ಬಾಗಿಲಿಗೆ ನಿನ್ನ ಹರೆಯದ ಫೋಟೋ ಅಂಟಿಸಿದ್ದರು, ಈಗಿನ ಮುಖವನ್ನು ನೀನು ಗುರುತಿಸುತ್ತಿರಲಿಲ್ಲವಲ್ಲ. ಊಟವಾದ ಮೇಲೆ ಬೆಳ್ಳುಳ್ಳಿ ಸುಲಿಯುವುದು, ಹತ್ತಿಯ ಬತ್ತಿ ಹೊಸೆಯುವುದು. ಸಂಜೆಯಾದರೆ ಮಾತ್ರ ಎಲ್ಲರೂ ಕಂಗಾಲು. ‘ಸಂಜಿ ಆತು, ಮನ್ಯಾಗ ದೀಪ ಹಚ್ಚಬೇಕು, ಬಿಡ್ರಿ ನನ್ನ’ ಎಂದು ನೀನು ಗೇಟು ಹಿಡಿದು ಅಲುಗಾಡಿಸುತ್ತಿದ್ದೆ. ಮೆಹಬೂಬಿ ‘ನಡೀರಿ ಹೋಗೂಣು’ ಎಂದು ಕೈ ಹಿಡಿದು ಕಟ್ಟಡವನ್ನು ಒಂದು ಸುತ್ತು ಹಾಕಿಸಿ, ಅದೇ ಬಾಗಿಲಿಗೆ ತಂದು, ‘ಮನಿ ಬಂತ್ರಿ ಅಮ್ಮಾರ’ ಎನ್ನುತ್ತಿದ್ದಳು. ನೀನು ದಣಿದು ಒಳಗೆ ಹೋಗಿ ದೀಪ ಹಚ್ಚುತ್ತಿದ್ದೆ. ಹಾಗೆ ದಿನಾ ಮನೆ ಮುಟ್ಟುತ್ತಿದ್ದೆ ನೀನು.

ನಿನ್ನ ದಿಂಬಿನ ಚೀಲದಲ್ಲಿ ಅಕ್ಕಿ ಸಿಕ್ಕಿದ ಸುದ್ದಿಗೆ ಮೊದಲು ನಾವೆಲ್ಲ ಗಾಬರಿಯಾಗಿದ್ದೆವು. ಅಡುಗೆಮನೆಯಿಂದ ಮುಷ್ಟಿ ಮುಷ್ಟಿ ತಂದು ಬಚ್ಚಿಡುತ್ತಿದ್ದೀಯೆಂದು ದೂರು ಬಂತು. ಯಾಕೆಂದು ಗೊತ್ತಾದದ್ದು ನಾನೊಬ್ಬಳೇ ಬಂದ ದಿನ. ಹೊರಡಲು ಎದ್ದೆ. ನೀನು ದಿಂಬಿಗೆ ಕೈ ಹಾಕಿ, ‘ಶಾಂತಾ, ಹಂಗ ಹೊಂಟೇನ? ಉಡಿ ಒಡ್ಡ’ ಎಂದೆ. ಶಾಂತಾ ಅಂದರೆ ಮಮ್ಮಿ. ನನ್ನನ್ನು ನೀನು ಗಂಡನ ಮನೆಗೆ ಹೊರಟ ನಿನ್ನ ಮಗಳು ಅಂದುಕೊಂಡಿದ್ದೆ. ನಾನು ಚೂಡಿದಾರದ ವೇಲು ಒಡ್ಡಿದೆ. ನೀನು ಅಕ್ಕಿ ಹಾಕಿದೆ, ಅದರ ಮೇಲೆ ನಿನ್ನ ಬಾಚಣಿಗೆ, ಅರ್ಧ ತಿಂದ ಬಿಸ್ಕೀಟು, ರಾತ್ರಿ ನುಂಗಬೇಕಾಗಿದ್ದ ಗುಳಿಗೆ! ನಾನು ನಕ್ಕೂ ನಕ್ಕೂ ಸುಸ್ತು. ಅಂದಿನಿಂದ ಮೆಹಬೂಬಿ ನಿನಗಾಗಿಯೇ ಒಂದು ಡಬ್ಬಿಯಲ್ಲಿ ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು ಇಟ್ಟಳು. ಗುಳಿಗೆ ಮಾತ್ರ ತನ್ನ ಹತ್ತಿರ ಇಟ್ಟುಕೊಂಡಳು.

ಮನೆಗೆ ಬಂದು ನಗುತ್ತಾ ಇದನ್ನು ಹೇಳಿದರೆ ಮಮ್ಮಿ ನಗಲಿಲ್ಲ. ಕೈಯಲ್ಲಿದ್ದ ಲಟ್ಟಣಿಗೆ ಕೆಳಗಿಟ್ಟಳು. ‘ನನ್ನ ಮದಿವ್ಯಾಗ ಅವ್ವ ಅಡಗಿಮನಿ ಬಾಗಲ ಹಿಂದ ನಿಂತಿದ್ಲು. ಬಾಜೂ ಮನಿ ಗಂಗವ್ವಕ್ಕ ಉಡಿ ತುಂಬಿದ್ಲು. ನಾ ಕರದೆ, ಅಕಿ ಬರಲಿಲ್ಲ. ಗಂಡ ಇಲ್ಲದಾಕಿ ಮುಟ್ಟಬಾರದು ಅಂದ್ಲು’ ಎಂದಳು. ಆಗ ನನಗೆ ತಿಳಿಯಿತು ಆಯಿ. ನಿನಗೆ ರೋಗ ಬಂದು ಅಜ್ಜನ ಸಾವು ಮರೆತುಹೋಗಿತ್ತು. ಅಜ್ಜ ಹೊಲದಲ್ಲಿದ್ದಾನೆ, ಅಂದಮೇಲೆ ನೀನು ಮುತ್ತೈದೆ. ಒಂದು ಕಾಲದಲ್ಲಿ ತುಂಬಲಾಗದ ಆ ಉಡಿಯನ್ನು ಈಗ ತುಂಬುತ್ತಿದ್ದೆ, ಮಗಳೆಂದು ತಿಳಿದು ಮೊಮ್ಮಗಳಿಗೆ. ನಿಜವಾದ ಮಗಳು ಬಂದರೆ? ಅವಳ ಚಷ್ಮಾ, ಕೈಚೀಲ ನೋಡಿ ಯಾವುದೋ ಸಾಲಿಯ ಟೀಚರ್ ಎಂದುಕೊಂಡು ಎದ್ದು ನಿಲ್ಲುತ್ತಿದ್ದೆ. ‘ಬರ್ರಿ ಅಕ್ಕೋರ, ಕುಂದರ್ರಿ.’ ಹೆತ್ತ ತಾಯಿಯ ಬಾಯಲ್ಲಿ ಆ ‘ರಿ’ ಕೇಳಿದಾಗೆಲ್ಲ ಮಮ್ಮಿಯ ಮುಖ… ಬೇಡ ಬಿಡು.

ನನ್ನ ಮದುವೆ ಗೊತ್ತಾದಾಗ ನಾನು ಹಟ ಹಿಡಿದದ್ದು ಒಂದಕ್ಕೇ. ಸೀರೆಗಲ್ಲ, ಬಂಗಾರಕ್ಕಲ್ಲ. ನನ್ನ ಉಡಿ ಮೊದಲು ಆಯಿಯೇ ತುಂಬಬೇಕು! ಮಮ್ಮಿ ಬೇಡವೆಂದಳು. ‘ಮಂದಿ ನಾಲ್ಕ ಮಾತ ಆಡಿದ್ರ ಅಕಿಗೆ ಕೇಳಸೂದಿಲ್ಲೇನ? ಅಲ್ಲೇ ಆರಾಮ ಅದಾಳ, ಇರ್ಲಿ ಬಿಡ.’ ನಾನು ಅತ್ತೆ, ಕೂಗಾಡಿದೆ, ಊಟ ಬಿಟ್ಟೆ. ಕೊನೆಗೆ ಮಮ್ಮಿ ಒಪ್ಪಿದಳು. ಪ್ರವೀಣನ ಮನೆಯವರೂ ಒಪ್ಪಿದರು. ಮೆಹಬೂಬಿ ನಿನಗೆ ಹೊಸ ಇಳಕಲ್ ಸೀರೆ ಉಡಿಸಿ, ಕಾರಿನಲ್ಲಿ ನಿನ್ನ ಪಕ್ಕ ಕುಳಿತು ಕರೆತಂದಳು. ಎಷ್ಟು ಚೆಂದ ಕಾಣುತ್ತಿದ್ದೆ ಆಯಿ ನೀನು!

ಗಜೇಂದ್ರಗಡದ ಆ ಕಲ್ಯಾಣ ಮಂಟಪದಲ್ಲಿ ನಾನು ಸೆರಗು ಒಡ್ಡಿ ಕುಳಿತಿದ್ದೆ. ಎದುರಿಗೆ ಅಕ್ಕಿಯ ಪರಾತ, ಸುತ್ತಲೂ ಹಸಿರು ಬಳೆಗಳ ಹೆಂಗಸರು, ವಾದ್ಯದ ಗದ್ದಲ. ನೀನು ಮುಷ್ಟಿ ಅಕ್ಕಿ ತೆಗೆದುಕೊಂಡೆ. ಯಾರೂ ಏನೂ ಅನ್ನಲಿಲ್ಲ, ನಿಜವಾಗಿ ಯಾರೂ ಅನ್ನಲಿಲ್ಲ. ಆದರೆ ನೀನು ಆ ಹೆಂಗಸರ ಕೈಗಳನ್ನು ನೋಡಿದೆ, ನಿನ್ನ ಬೋಳು ಕೈ ನೋಡಿಕೊಂಡೆ. ಅಕ್ಕಿ ಮತ್ತೆ ಪರಾತಕ್ಕೆ ಬಿತ್ತು. ‘ನಾ ಮುಟ್ಟಬಾರದವ್ವಾ’ ಎಂದೆ. ಹಿಂದೆ ಹಿಂದೆ ಸರಿದು ಬಾಗಿಲ ಮರೆ ಹುಡುಕಿ ನಿಂತೆ. ಹೆಸರು, ಊರು, ಮಗಳ ಮುಖ, ಎಲ್ಲ ಮರೆತವಳಿಗೆ ಹಿಂದೆ ಸರಿಯುವುದೊಂದು ಹೇಗೆ ನೆನಪಿತ್ತು? ಯಾರು ಅಷ್ಟು ಆಳವಾಗಿ ಕಲಿಸಿದ್ದರು ನಿನಗೆ ಅದನ್ನು? ಮೆಹಬೂಬಿಯ ಭುಜಕ್ಕೆ ಒರಗಿ, ‘ಅವ್ರು ಯಾವಾಗ ಹೋದ್ರವಾ? ನನಗ್ಯಾಕ ಹೇಳಲಿಲ್ಲ?’ ಎಂದು ನೀನು ಕೇಳುತ್ತಿದ್ದದ್ದು ನನಗೆ ವಾದ್ಯದ ನಡುವೆಯೂ ಕೇಳಿಸಿತು.

ಮದುವೆಯಾದ ವಾರವೇ ನಾನು, ಮಮ್ಮಿ, ಪ್ರವೀಣ ನರಗುಂದಕ್ಕೆ ಬಂದೆವು. ನಿನಗೆ ಮಂಟಪ, ವಾದ್ಯ ಏನೂ ನೆನಪಿರಲಿಲ್ಲ. ಅಜ್ಜ ಮತ್ತೆ ಹೊಲಕ್ಕೆ ಹೋಗಿದ್ದ. ಪ್ರವೀಣನನ್ನು ನೋಡಿ, ‘ನೀ ನಲ್ಲಿ ರಿಪೇರಿಯಾಂವೇನ? ಬಚ್ಚಲದ ನಲ್ಲಿ ಸೋರ್ತೈತಿ ನೋಡ’ ಎಂದೆ. ಅವನು ಪಾಪ, ಹೋಗಿ ನೋಡಿಯೂ ಬಂದ! ‘ವಾಶರ್ ಹೋಗೇತ್ರಿ ಆಯಿ, ಮುಂದಿನ ಸಲ ತರ್ತೀನಿ’ ಎಂದ. ನಾನು ಅವನ ಮೇಲೆ ಮತ್ತೊಮ್ಮೆ ಮರುಳಾದೆ. ಹೊರಡುವಾಗ ನೀನು ಡಬ್ಬಿ ತೆಗೆದೆ. ‘ಉಡಿ ಒಡ್ಡ ಶಾಂತಾ.’ ಅಕ್ಕಿ, ಉತ್ತತ್ತಿ, ಕೊಬ್ಬರಿ. ಈ ಸಲ ನೀನು ಹಿಂದೆ ಸರಿಯಲಿಲ್ಲ.

ಮಮ್ಮಿ ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ತನ್ನ ಹೆಸರು ಹಿಡಿದು ತನ್ನ ತಾಯಿ ಇನ್ನೊಬ್ಬಳ ಉಡಿ ತುಂಬುವುದನ್ನು ನೋಡುವುದು ಹೇಗಿರುತ್ತದೆ ಆಯಿ? ಅವಳು ಹೊರಗೆ ಹೋಗಲು ತಿರುಗಿದಳು. ಆಗ ನೀನು ಕರೆದೆ. ‘ಅಕ್ಕೋರ, ನೀವ ಎಲ್ಲಿ ಹೊಂಟ್ರಿ? ನೀವೂ ಬರ್ರಿ. ನಿಮಗ ತವರಮನ್ಯಾಗ ಯಾರ ಅದಾರೋ ಇಲ್ಲೋ. ಉಡಿ ಒಡ್ರಿ.’ ಮಮ್ಮಿ ಕೈಚೀಲ ನೆಲಕ್ಕಿಟ್ಟು, ನಿನ್ನ ಮುಂದೆ ಮೊಣಕಾಲೂರಿ ಸೆರಗು ಒಡ್ಡಿದಳು. ಮುಷ್ಟಿ ಮೇಲೆ ಮುಷ್ಟಿ ಹಾಕಿ, ಡಬ್ಬಿಯನ್ನು ಬೋರಲು ಹಾಕಿ ಬಡಿದು, ಕೊನೆಯ ಕಾಳನ್ನೂ ನೀನು ಅವಳಿಗೆ ಹಾಕಿದೆ. ‘ಯಾಕ ಅಳ್ತೀರಿ ಅಕ್ಕೋರ? ಗಂಡನ ಮನಿ ಚಲೋ ಐತಿಲ್ಲೋ?’ ಎಂದು ಕೇಳಿದೆ. ‘ಭಾಳ ಚಲೋ ಐತ್ರಿ’ ಎಂದಳು ಮಮ್ಮಿ. ಅವತ್ತು ಅವಳು ನಿನ್ನನ್ನು ತಿದ್ದಲಿಲ್ಲ.

ಅದಾದ ಸ್ವಲ್ಪ ದಿನಕ್ಕೇ ನೀನು ಬೆಳಗಿನ ಬಿಸಿಲಿಗೆ ಎದ್ದು ಬರಲಿಲ್ಲ. ಎಣ್ಣೆಯ ಬಟ್ಟಲು ಹಿಡಿದು ಎಬ್ಬಿಸಲು ಹೋದ ಮೆಹಬೂಬಿ ಫೋನ್ ಮಾಡಿದಳು. ‘ಅಕ್ಕಾ, ಅಮ್ಮಾರು…’ ಎಂದಳು, ನಮಗೆ ಅಷ್ಟರಲ್ಲೇ ತಿಳಿಯಿತು.

ಇನ್ನು, ನೀನು ಕೇಳದೇ ಹೋದ ಸುದ್ದಿ. ಇದನ್ನು ಹೇಳಲೆಂದೇ ಈ ಪತ್ರ. ಸೂಡಿಯ ಹೊಲದಲ್ಲಿ, ಅಜ್ಜನ ಪಕ್ಕದಲ್ಲಿ ನಿನಗೆ ಜಾಗ ಮಾಡಿದ್ದರು. ನಿನ್ನನ್ನು ಮನೆಯಿಂದ ಎತ್ತುವ ಮೊದಲು ಮಮ್ಮಿ ಒಳಗಿನಿಂದ ಒಂದು ತಾಟು ತಂದಳು. ಯಾರಿಗೂ ಹೇಳಿರಲಿಲ್ಲ, ನನಗೂ ಸಹ. ನಿನ್ನ ಸೆರಗು ಬಿಡಿಸಿ ಮಡಿಲಲ್ಲಿ ಹಾಸಿ, ಅಕ್ಕಿ ಹಾಕತೊಡಗಿದಳು. ಊರಿಗೆ ಹಿರಿಯರಾದ ಅಜ್ಜನ ತಮ್ಮ ಹತ್ತಿರ ಬಂದು ಮೆಲ್ಲಗೆ ಹೇಳಿದರು: ‘ಶಾಂತಾ, ಅದು ಮುತ್ತೈದೇರಿಗೆ ಮಾಡೂದವಾ.’

ಮಮ್ಮಿ ತಲೆ ಎತ್ತಲಿಲ್ಲ. ‘ಗೊತ್ತೈತ್ರಿ ಕಾಕಾ. ಸ್ವಲ್ಪ ಅತ್ತಾಗ ಸರೀರಿ, ಕೊಬ್ಬರಿ ಇಡಬೇಕು’ ಎಂದಳು.

ಕಾಕಾ ಸರಿದು ನಿಂತರು, ಆಯಿ.

ನಿನ್ನ,
ಪೂಜಾ