ಹೆಡ್‌ಫೋನಿನಲ್ಲಿ ಮಾತಾಡಿದ ತಂಗಿ

ನನ್ನ ಹೀರೋಯಿನ್ನಮ್ಮಾ,

ನಾನಾಗಿ ನಿನ್ನೊಡನೆ ಆಡುತ್ತಿರುವ ಮೊದಲ ಮಾತು ಇದು. ನಗಬೇಡ. ನಿನ್ನ ಪರವಾಗಿ ತೆರೆಯ ಮೇಲೆ ಅತ್ತಿದ್ದೇನೆ, ಗಂಡಂದಿರನ್ನು ಬೈದಿದ್ದೇನೆ, ಹೆರಿಗೆ ನೋವು ತಿಂದಿದ್ದೇನೆ, ನಾಲ್ಕಾರು ಸಲ ಸತ್ತೂ ಇದ್ದೇನೆ. ನಿನಗೇ ಅಂತ ಮಾತ್ರ ಬಾಯಿ ಬಿಟ್ಟವಳಲ್ಲ. ನಾವು ಎದುರುಬದುರಾದದ್ದು ಒಂದೇ ಸಲ, ಸ್ಟುಡಿಯೋದ ಮೆಟ್ಟಿಲ ಮೇಲೆ. ನಾನು ಹತ್ತುತ್ತಿದ್ದೆ, ನೀನು ಇಳಿಯುತ್ತಿದ್ದೆ. ಸುತ್ತ ಅಷ್ಟೊಂದು ಜನರಿದ್ದರೂ ನನ್ನ ಕಡೆ ತಿರುಗಿ ಕಣ್ಣು ಹೊಡೆದು ಹೋದೆ.

ನಿನ್ನ ಮೊದಲ ಸಿನಿಮಾದ ನಿರ್ಮಾಪಕರು ನಿನ್ನ ಮಾತು ಕೇಳಿ, "ಮುಖವೇನೋ ಸರಿ, ಗಂಟಲಲ್ಲಿ ಹಿಟ್ಟಿನ ಗಿರಣಿ ಇಟ್ಕೊಂಡಿದ್ದಾಳಲ್ಲಯ್ಯಾ!" ಅಂದರಂತೆ. ರೇಡಿಯೋ ನಾಟಕಗಳಲ್ಲಿ ರಾಜಕುಮಾರಿಯಾಗಿ ಉಲಿಯುತ್ತಿದ್ದ ನನ್ನನ್ನು ಕರೆಸಿ ಕತ್ತಲೆ ಕೋಣೆಯಲ್ಲಿ ಮೈಕಿನ ಮುಂದೆ ನಿಲ್ಲಿಸಿದರು. ಅಲ್ಲಿಂದ ಮುಖ ನಿನ್ನದು, ದನಿ ನನ್ನದು. ಸೆಟ್ಟಿನಲ್ಲಿ ನೀನು ಆಡಿದ್ದು ಹೇಗೋ ಒರಟೊರಟಾಗಿ ದಾಖಲಾಗಿ ನನ್ನ ಹೆಡ್‌ಫೋನಿಗೆ ಬರುತ್ತಿತ್ತು. ಅದನ್ನು ಕೇಳಿಕೊಂಡು, ತೆರೆಯ ಮೇಲಿನ ನಿನ್ನ ತುಟಿಗೆ ಸರಿಯಾಗಿ ನಾನು ಹೇಳಬೇಕು. ಆಮೇಲೆ ನಿನ್ನದನ್ನು ಅಳಿಸಿ ಹಾಕುತ್ತಿದ್ದರು.

ಹೇಗೂ ಅಳಿಸಿ ಹಾಕುವ ದನಿ ತಾನೇ ಅಂತ ನೀನು ಸಲುಗೆ ತೆಗೆದುಕೊಂಡೆ. ಡೈಲಾಗು ಮುಗಿದದ್ದೇ ತಡ, ಸೆಟ್ಟಿನವರಿಗೆ ಕೇಳಿಸದ ಹಾಗೆ ನನಗೊಂದು ಮಾತು ಸೇರಿಸಿಬಿಡುತ್ತಿದ್ದೆ. "ದನಿಯಕ್ಕಾ, ಇಲ್ಲಿ ಅಳ್ಬೇಡ ಕಣೇ, ನಂಗೆ ಬಂದಿರೋದು ಸಿಟ್ಟು." ಪ್ರೇಮದ ದೃಶ್ಯವಾದರೆ, "ದನಿಯಕ್ಕಾ, ಈ ಮಹಾನುಭಾವ ಹಲ್ಲುಜ್ಜಿಲ್ಲ. ನೀನೇ ಪುಣ್ಯವಂತೆ." ನಾನು ಕಿಸಕ್ಕನೆ ನಕ್ಕು ಟೇಕು ಹಾಳಾಗಿ, ಸೌಂಡಿನಣ್ಣ ಗಾಜಿನಾಚೆಯಿಂದ ಕಣ್ಣು ಕೆಕ್ಕರಿಸುತ್ತಿದ್ದ. ಒಂದು ಹಾಸ್ಯದ ದೃಶ್ಯ ನೆನಪಿದೆಯಾ? ಹೊಟ್ಟೆ ಹಿಡಿದುಕೊಂಡು ನಗುತ್ತೀಯ. ನಗು ನಿಂತ ಮೇಲೆ, "ದನಿಯಕ್ಕಾ, ಬೆಳಿಗ್ಗೆ ಅಮ್ಮ ಹೋದ್ರು. ಇದೊಂದು ಶಾಟ್ ಮುಗಿಸಿ ಹೊರಡ್ತೀನಿ." ಅದು ನನ್ನ ಕಿವಿಗೆ ಬೀಳುವ ಹೊತ್ತಿಗೆ ನಿನ್ನ ಅಮ್ಮ ಹೋಗಿ ತಿಂಗಳು ದಾಟಿತ್ತು. ನನ್ನ ಪಾಲಿಗೆ ಅವರು ಹೋದದ್ದು ಆ ಗಳಿಗೆಯಲ್ಲಿ. ಅದರ ಮೇಲೆಯೇ ನಾನು ನಿನ್ನ ನಗುವನ್ನು ನಗಬೇಕಿತ್ತು. ನಕ್ಕೆ.

ಫೋನು ಮಾಡಬಹುದಿತ್ತಲ್ಲ ಅಂತೀಯ. ಹೇಗೆ ಮಾಡಲಿ? ನಿನ್ನ ಜಾಗದಲ್ಲಿ ಕೂತ ದನಿಯಿಂದಲೇ ನಿನಗೆ ಸಮಾಧಾನ ಹೇಳಲು ನಾಚಿಕೆಯಾಯಿತು.

ನೀನು ಕಣ್ಣು ಮುಚ್ಚಿದ ಮೇಲೆ, ಕೊನೆಯ ಸಲ ನೋಡಲು ಬಂದಿದ್ದೆ. ಮೈದಾನದಲ್ಲಿ ಸ್ಪೀಕರು ಕಟ್ಟಿ ನಿನ್ನ ಹೆಸರಾದ ಡೈಲಾಗುಗಳನ್ನೆಲ್ಲ ಹಾಕಿದ್ದರು. ಸಾಲಿನಲ್ಲಿ ನನ್ನ ಮುಂದಿದ್ದವಳು, "ಎಂಥಾ ದನಿ ರೀ! ಇನ್ನೆಲ್ಲಿ ಕೇಳ್ತೀವಿ?" ಅಂತ ಬಿಕ್ಕಿದಳು. ನಾನು ಹಿಂದೆಯೇ ಇದ್ದೆ, ನೆಗಡಿಯಾಗಿ ಮೂಗೊರೆಸಿಕೊಳ್ಳುತ್ತಾ. ಅಷ್ಟು ದುಃಖದಲ್ಲೂ ಒಳಗೊಳಗೇ ಒಂಚೂರು ಹಿಗ್ಗಾಯಿತು, ಸುಳ್ಳು ಯಾಕೆ ಹೇಳಲಿ.

ನೀನು ಹೋದಾಗ ಕಡೆಯ ಸಿನಿಮಾಕ್ಕೆ ಇನ್ನೂ ದನಿ ಕೊಟ್ಟಿರಲಿಲ್ಲ. ಅದರ ಕೊನೆಯ ದೃಶ್ಯದಲ್ಲಿ ಮುನಿಸಿಕೊಂಡು ಹೋಗಿದ್ದ ಮಗಳು ಎಷ್ಟೋ ವರ್ಷದ ಮೇಲೆ ಬಾಗಿಲಿಗೆ ಬರುತ್ತಾಳೆ. ತಾಯಿಯಾದ ನೀನು ಹೇಳುವುದು ಇಷ್ಟೇ: "ಬಂದ್ಯಾ? ಕೈ ತೊಳ್ಕೋ, ಊಟ ಮಾಡು." ಅದನ್ನು ಒಲೆಯ ಮುಂದೆ, ಬಚ್ಚಲಲ್ಲಿ, ಬಸ್ಸಿನಲ್ಲಿ ಹೇಳಿ ಹೇಳಿ ಹದ ಮಾಡಿಕೊಂಡಿದ್ದೆ. ಎಲ್ಲಿ ಗದ್ಗದ ಬರಬೇಕು, ಎಲ್ಲಿ ಉಸಿರು ಕಟ್ಟಬೇಕು, ಎಲ್ಲ ಲೆಕ್ಕ. ಥಿಯೇಟರನ್ನೇ ಅಳಿಸಿಬಿಡುವವಳಿದ್ದೆ.

ಉಳಿದದ್ದಕ್ಕೆಲ್ಲ ದನಿ ಕೊಟ್ಟು ಮುಗಿಸಿ, ಆ ದೃಶ್ಯಕ್ಕೆಂದು ಹೆಡ್‌ಫೋನು ಹಾಕಿಕೊಂಡೆ. ನಿನ್ನ ಉಸಿರು ಸಣ್ಣಗೆ ಕೇಳಿತು. ಗದ್ಗದವೂ ಇಲ್ಲ, ಮಣ್ಣೂ ಇಲ್ಲ. ಗಿರಣಿ ಗಂಟಲಲ್ಲಿ, ಮಗಳು ಪೇಟೆಗೆ ಹೋಗಿ ಬಂದಳೇನೋ ಅನ್ನುವ ಹಾಗೆ, "ಬಂದ್ಯಾ?" ಅಂದೆ. ಮಾತೆಲ್ಲ ಹಾಗೇ ಮುಗಿಸಿದೆ. ಆಮೇಲೆ, "ದನಿಯಕ್ಕಾ, ಇದೊಂದನ್ನ ನಂಗೆ ಬಿಡ್ತೀಯಾ?"

ಸುಲಭವಾಗಿ ಬಿಡಲಿಲ್ಲ ಕಣೇ. ಟೀ ಕುಡಿದು ಬರುತ್ತೇನೆಂದು ಹೊರಗೆ ಹೋಗಿ ಗೋಡೆಗೆ ಒರಗಿ ನಿಂತೆ. ಹೊಟ್ಟೆಕಿಚ್ಚಾಯಿತು. ಸಿನಿಮಾ ಪೂರ್ತಿ ಬೆವರು ಸುರಿಸಿದವಳು ನಾನು, ಕಡೆಯ ಮಾತು ಇವಳಿಗಾ ಅನ್ನಿಸಿತು. ಮರುಕ್ಷಣ, ಮುಖ ಇಟ್ಟುಕೊಂಡು ಇಷ್ಟು ವರ್ಷ ಮೂಕಿಯಾಗಿದ್ದವಳು ಕೇಳಿದ್ದು ಇದೊಂದೇ ಅಲ್ಲವಾ ಅನ್ನಿಸಿ ಅಲ್ಲೇ ಅತ್ತುಬಿಟ್ಟೆ. ಟೀ ಆರಿತು.

ಒಳಗೆ ಬಂದು, "ಈ ಮಾತು ನಾನು ಹೇಳಲ್ಲ, ಅವಳದ್ದೇ ಇರ್ಲಿ," ಅಂದೆ. ನಿರ್ಮಾಪಕರು ರೇಗಿದರು: "ತಲೆಗಿಲೆ ಕೆಟ್ಟಿದ್ಯಾ? ಆ ಗಂಟಲು ಕೇಳಿದ್ರೆ ಜನ ಎದ್ದು ಹೋಗ್ತಾರೆ. ನೀವಲ್ದಿದ್ರೆ ಇನ್ನೊಬ್ರನ್ನ ಕರೆಸ್ತೀನಿ."

"ಕರೆಸಿ ಸ್ವಾಮಿ. ಜನಕ್ಕೆ ಗೊತ್ತಿರೋದು ನನ್ನ ದನಿ. ಅದು ಇಲ್ಲ ಅಂದ್ಮೇಲೆ ಯಾರು ಹೇಳಿದ್ರೂ ಹೊಸ ದನಿಯೇ ತಾನೇ?"

ಅಲ್ಲಿಯವರೆಗೆ ಉಗುರು ಕಚ್ಚುತ್ತಿದ್ದ ನಿರ್ದೇಶಕ, "ಇನ್ನೊಂದ್ಸಲ ಹಾಕಿ," ಅಂದ. ಸೌಂಡಿನಣ್ಣ ನಿನ್ನನ್ನು ಕೋಣೆಯ ತುಂಬ ಕೇಳಿಸಿದ. ನಿರ್ಮಾಪಕರು ಕನ್ನಡಕ ತೆಗೆದು ಒರೆಸಿಕೊಂಡು, "ಹಾಳಾಗ್ಲಿ, ಇರ್ಲಿ ಬಿಡಿ," ಅಂದರು.

ನಿನ್ನೆ ಟಿಕೆಟ್ ತೆಗೆದುಕೊಂಡು ಜನರ ನಡುವೆ ಕೂತು ನೋಡಿದೆ. ನಿನ್ನ ಮಾತು ಬಂದಾಗ ಥಿಯೇಟರಿನಲ್ಲಿ ಗುಸುಗುಸು ಎದ್ದಿತು. ಪಕ್ಕದ ಹೆಂಗಸು, "ಅಯ್ಯೋ ಪಾಪ, ಕಾಯಿಲೆ ಬಿದ್ದು ದನಿ ಎಷ್ಟು ಕೆಟ್ಟೋಗಿತ್ತು!" ಅಂತ ಲೊಚಗುಟ್ಟಿದಳು. ನನಗೆ ತಡೆಯಲಾಗಲಿಲ್ಲ. "ಕೆಟ್ಟಿರ್ಲಿಲ್ಲಮ್ಮಾ. ಅವಳ ದನಿ ಇದೇ," ಅಂದೆ.

ಅವಳು ಥಟ್ಟನೆ ನನ್ನ ಕಡೆ ತಿರುಗಿದಳು. ತೆರೆಯ ಬೆಳಕಲ್ಲಿ ನನ್ನ ಬಾಯನ್ನೇ ನೋಡಿದಳು, ನಿನ್ನನ್ನು ನೋಡಿದಳು, ಮತ್ತೆ ನನ್ನನ್ನು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಇನ್ನೊಂದ್ಸಲ ಮಾತಾಡಿ," ಅಂದಳು. ಗಂಟಲು ಕಟ್ಟಿಹೋಗಿತ್ತು ಕಣೇ. ಬಾಯಿ ಬಿಟ್ಟಿದ್ದರೆ ನಿನ್ನ ಗಿರಣಿಯೇ ಹೊರಡುತ್ತಿತ್ತು.

ಎಲ್ಲಿದ್ದರೂ ತಣ್ಣಗಿರು ತಂಗೀ. ಗಟ್ಟಿಯಾಗಿ ಮಾತಾಡು, ಇನ್ನು ಯಾರೂ ಅಳಿಸುವುದಿಲ್ಲ.

ಇಂತಿ,
ನಿನ್ನ ದನಿಯಕ್ಕ