ಆರು ಕಾರ್ಡಿಗೆ ಎಷ್ಟು ವಾಟ್

ತಮ್ಮಾ,

“ಆರು ಗ್ರಾಫಿಕ್ಸ್ ಕಾರ್ಡಿಗೆ ಸಾವಿರ ವಾಟ್ ಸಾಕಾ?” ಅಂತ ಬೆಳಿಗ್ಗೆ ನೀನು ಗೋಡೆಯನ್ನು ಕೇಳಿದೆ. ಉತ್ತರ ಕೊಟ್ಟದ್ದೇ ನಿನ್ನ ಭಾವನ ತಪ್ಪಾಯಿತು. “ಸಾಲದಪ್ಪಾ, ಈ ಕ್ರಿಪ್ಟೊ ಮೈನಿಂಗ್ ಮೆಷಿನ್ ಉಸಿರು ಬಿಡದೆ ಓಡುತ್ತೆ, ಮನೆ ಸುಡ್ತೀಯ” ಅಂದದ್ದಕ್ಕೆ ಆ ಹಳೆಯ ಪವರ್ ಸಪ್ಲೈ ಪೆಟ್ಟಿಗೆಯನ್ನೇ ಎತ್ತಿ ಅವರ ತಲೆಗೆ ಬೀಸಿದೆ. ಬಿದ್ದ ಮೇಲೂ ಬೀಸಿದೆ.

ಅವರ ಬಟ್ಟೆ ಒಯ್ಯಲು ಆಸ್ಪತ್ರೆಯಿಂದ ಬಂದಿದ್ದೆ, ನೀನಿರಲಿಲ್ಲ. ಹನ್ನೊಂದು ಹೊಲಿಗೆ ಬಿದ್ದಿವೆ.

ಮೊದಲು ಮೇನ್ ಸ್ವಿಚ್ ಆಫ್ ಮಾಡು, ಆಮೇಲೆ ನೆಲದ ರಕ್ತ ಒರೆಸು. ಊಟ ಮುಚ್ಚಿಟ್ಟಿದ್ದೇನೆ, ಉಣ್ಣು.

ಹೊಲಿಗೆ ಹಾಕುವಾಗಲೂ ಅವರು ನಿನ್ನ ಲೆಕ್ಕವನ್ನೇ ಮಾಡುತ್ತಿದ್ದರು. ಕಾರ್ಡಿಗೆ ಇನ್ನೂರರಂತೆ ಸಾವಿರದ ಇನ್ನೂರು, ಮೆಷಿನ್ನಿನ ಉಳಿದ ಭಾಗಕ್ಕೆ ಇನ್ನೂರು. ಪವರ್ ಸಪ್ಲೈ ಮೇಲೆ ಪೂರ್ತಿ ಭಾರ ಹೊರಿಸಬಾರದು, ಸಾವಿರದ ಎಂಟುನೂರರದ್ದು ತಗೊಳ್ಳಬೇಕಂತೆ. ಡಿಸ್ಕಿನ ತೆಳು ವೈರಿನಿಂದ ಕಾರ್ಡಿಗೆ ಕರೆಂಟ್ ಕೊಡಬಾರದಂತೆ.

ದೇವರ ಮುಂದೆ ನಿಂತೆ. ಚಿಕ್ಕಂದಿನಿಂದ ಬಾಯಿಗೆ ಬರುತ್ತಿದ್ದ ಪದ್ಯ ಒಂದೂ ಬರಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

“ಅಕ್ಕಾ, ಮೆಟ್ಟಿಲಿಂದ ಬಿದ್ರು ಅಂತ ಪೊಲೀಸರಿಗೆ ಹೇಳೇ, ನಿನ್ನ ಕಾಲಿಗೆ ಬೀಳ್ತೀನಿ” ಅಂತ ಫೋನಿನಲ್ಲಿ ಅಂಗಲಾಚಿದೆ.

ಆ ಸುಳ್ಳು ಹೇಳುವುದಿಲ್ಲ.