ತುಟಿ ಮುಚ್ಚಿದ ಮೇಲೆ

ಜೂನ್ 22, 2020. ಸೋಮವಾರ, ಮಧ್ಯಾಹ್ನ 2.10

ಕೆಲಸದಿಂದ ಬಂದೆ. ಹಿತ್ತಿಲ ಬಚ್ಚಲಲ್ಲೇ ಸ್ನಾನ, ಬಟ್ಟೆ ಬಿಸಿನೀರಿಗೆ, ಮುಖಕ್ಕೆ ಹೊಸ ಮಾಸ್ಕ್. ಇವತ್ತಿನಿಂದ ಮನೆಯೊಳಗೂ. ಶನಿವಾರ ನಮ್ಮ ಮೆಡಿಕಲ್ ಶಾಪಿಗೆ ಬಂದು ಸಿರಪ್ ಒಯ್ದವನಿಗೆ ಪಾಸಿಟಿವ್ ಅಂತೆ. ನನ್ನಿಂದ ಎಲ್‌ರಾಯ್‌ಗೆ, ನನ್ನ ಎಂಟು ತಿಂಗಳ ಕೂಸಿಗೆ. ಅವನಿಂದ ಮಾಯ್‌ಗೆ. ನನ್ನ ಅತ್ತೆ ಅವರು, ವಯಸ್ಸು ಎಪ್ಪತ್ಮೂರು, ಮೇಲೆ ಸಕ್ಕರೆ ಕಾಯಿಲೆ. ಇದೇ ಯೋಚನೆ, ನಿದ್ದೆ ಎಲ್ಲಿಂದ ಬರಬೇಕು.

ಮಾಯ್ ಕುರ್ಚಿಯನ್ನು ತೊಟ್ಟಿಲಿನಿಂದ ಆರು ಅಡಿ ದೂರಕ್ಕೆ ಎಳೆದಿಟ್ಟೆ. ಟೇಪು ಹಿಡಿದು ಅಳೆದೆ. ನಾನಿಲ್ಲದಾಗ ಹಾಲಿಗೆ, ಬಟ್ಟೆ ಬದಲಿಸಲಿಕ್ಕೆ ಮಾತ್ರ ಎತ್ತಿಕೊಳ್ಳಿ, ಉಳಿದ ಹೊತ್ತು ಅಲ್ಲೇ ಕೂತಿರಿ ಎಂದೆ. ನಕ್ಕು ತಲೆಯಾಡಿಸಿದರು. ವಾದ ಮಾಡದೆ ಒಪ್ಪಿದ್ದು ಇದೇ ಮೊದಲು.

ಜೂನ್ 24

ಸಾಂಜಾಂವ್ ಹಬ್ಬ. ಕೊರೊನಾದಿಂದ ಈ ವರ್ಷ ಬಾವಿಗೆ ಹಾರುವವರಿಲ್ಲ, ಹೂವಿನ ಕಿರೀಟವಿಲ್ಲ. ಸಂಜೆ ಪಕ್ಕದ ಮನೆಯ ಕೊನ್ಸೆಸಾಂವ್ ಮಾಸ್ಕ್ ಕಟ್ಟಿಕೊಂಡು ಗೇಟಿನಾಚೆ ನಿಂತಳು. ಮಾಯ್, ಅವಳು ಇಬ್ಬರೂ ನಲವತ್ತು ವರ್ಷ ಒಂದೇ ಜಗಲಿಯಲ್ಲಿ ಕೂತು ಹರಟಿದವರು. ಭೇಟಿಯಾಗಿದ್ದು ಮೂರು ತಿಂಗಳ ಮೇಲೆ. ಮಾಯ್ ಎರಡು ನಿಮಿಷ ನಕ್ಕು ಒಳಗೆ ಬಂದುಬಿಟ್ಟರು.

"ನಿಮ್ಮತ್ತೆ ಹತ್ರ ಮಾತಾಡೋಕೆ ಈಗ ಟಿಕೆಟ್ ತಗೋಬೇಕೇನೇ?" ಕೊನ್ಸೆಸಾಂವ್‌ಗೆ ಉರಿ. "ನನ್ನ ಹಂದಿ ಸತ್ತೋಯ್ತು ಅಂದ್ರೆ ನಗ್ತಾಳಲ್ಲೇ!"

ಜೂನ್ 29

ಮಾತ್ರೆ ತಗೊಂಡ್ರಾ ಅಂದರೆ "ಹೂಂ". ಮಾತ್ರೆ ತಟ್ಟೆಯಲ್ಲೇ ಇದೆ. ಸಕ್ಕರೆ 286. ಪಾವ್ ಬ್ರೆಡ್ ಎಷ್ಟು ತಗೊಂಡ್ರಿ ಅಂದರೂ "ಹೂಂ". ಯಾವುದಕ್ಕೂ ಅದೇ ನಗು.

ನನ್ನ ಗಂಡ ಸಾಂತಾನ್ ವಿಡಿಯೋ ಕಾಲ್ ಮಾಡಿದ್ದರು. ಅವರು ಕೆಲಸ ಮಾಡುವ ಹಡಗು ಮನಿಲಾ ಹತ್ತಿರ ನಿಂತಲ್ಲೇ ನಿಂತಿದೆ, ಇಳಿಸುತ್ತಿಲ್ಲ. ಮಾಯ್ ಮಗನ ಜೊತೆ ಹದಿನೈದು ನಿಮಿಷ ಮಾತಾಡಿದರು, ಗದರಿಸಿದರು ಕೂಡ. ಆಮೇಲೆ ಸಾಂತಾನ್ ನನಗೆ:

"ಚೆನ್ನಾಗೇ ಇದ್ದಾಳಲ್ಲ ಮಾರಾಯ್ತಿ. ನೀನು ಸುಮ್ನೆ ಹೆದರ್ತೀಯ."

ಮಗನ ಮುಂದೆ ಮಾತ್ರ ಬುದ್ಧಿ ಸರಿಯಿರುತ್ತದೆಯೇ?

ಜುಲೈ 6, ಮಧ್ಯಾಹ್ನ

ಎಲ್‌ರಾಯ್‌ನ ಅಳು ರಸ್ತೆಗೇ ಕೇಳುತ್ತಿತ್ತು. ಓಡಿ ಬಂದೆ. ತೊಟ್ಟಿಲಲ್ಲಿ ಮಗು ಕೆಂಪಗಾಗಿ, ಉಸಿರು ಸಿಕ್ಕಿಕೊಂಡು... ಆರು ಅಡಿ ದೂರದಲ್ಲಿ ಮಾಯ್, ಕಿಟಕಿಯ ಕಡೆ ಮುಖ ಮಾಡಿ ಬೀನ್ಸ್ ನಾರು ತೆಗೆಯುತ್ತಿದ್ದಾರೆ. ತಿರುಗಿಯೂ ನೋಡಿಲ್ಲ. ನಾನು ಎದುರಿಗೆ ಹೋದ ಮೇಲೆ — "ಬಂದ್ಯಾ ಬಾಯೆ?" ಅದೇ ನಗು.

ಸಾಂತಾನ್ ಅಕ್ಕ ಪ್ರಿಸ್ಕಾಗೆ ಮಡಗಾಂವ್‌ಗೆ ಫೋನ್ ಮಾಡಿದೆ.

"ಅಮ್ಮನಿಗೆ ಅರಳು ಮರಳು ಶುರುವಾಯ್ತು, ಇನ್ನೇನು. ಸಿಸ್ಟರ್‌ಗಳ ವೃದ್ಧಾಶ್ರಮದಲ್ಲಿ ಕೇಳ್ತೀನಿ."

ಬೇಡ ಎನ್ನಲಿಲ್ಲ ನಾನು.

ಜುಲೈ 16

ಮಗುವನ್ನು ಕೊನ್ಸೆಸಾಂವ್ ಸೊಸೆಯ ಹತ್ತಿರ ಬಿಟ್ಟು ಹೋಗುತ್ತಿದ್ದೇನೆ. ಮಾಯ್ ತಲೆ ಬಾಚಿಕೊಳ್ಳುವುದನ್ನು ಬಿಟ್ಟಿದ್ದಾರೆ. ಗಂಜಿ ಅರ್ಧ ಬಟ್ಟಲು. ಖಾಲಿ ತೊಟ್ಟಿಲು ನೋಡುತ್ತಾ ಕೂರುತ್ತಾರೆ.

ಪ್ರಿಸ್ಕಾ ಮೆಸೇಜ್: ಆಶ್ರಮದಲ್ಲಿ ಜಾಗ ಸಿಕ್ಕಿತು. ಇಪ್ಪತ್ಮೂರಕ್ಕೆ ಬರುತ್ತೇನೆ.

ಜುಲೈ 20, ಸಂಜೆ 4

ಬರೆದಿಡಬೇಕು, ಇದ್ದದ್ದು ಇದ್ದ ಹಾಗೆ.

ಮಧ್ಯಾಹ್ನ ಮಳೆಯಲ್ಲಿ ತೊಯ್ದು ಬಂದೆ. ಒದ್ದೆ ಮಾಸ್ಕ್ ಮೂಗಿಗಂಟಿ ಉಸಿರು ಕಟ್ಟಿತು. ಜಗಲಿಯಲ್ಲಿ ನಿಂತು ತೆಗೆದೆ. ಮುಚ್ಚಿದ ಕಿಟಕಿಯ ಗಾಜಿನಾಚೆ ಮಾಯ್ ನನ್ನನ್ನೇ ನೋಡುತ್ತಿದ್ದರು. 'ಕೊಡೆ ಮರೆತೆ' ಎಂದು ತುಟಿಯಾಡಿಸಿದೆ. ದನಿಯೇ ಹೊರಡಲಿಲ್ಲ, ಅಷ್ಟು ಸುಸ್ತು.

ಅವರು ಎದ್ದು ಬಾಗಿಲು ತೆಗೆದು ಟವೆಲ್ ಚಾಚಿದರು. "ಕೊಡೆ ಬಾಗಿಲ ಹಿಂದೇನೇ ಇತ್ತಲ್ಲೇ!"

ದನಿಯೇ ಇಲ್ಲದ ಮಾತು ಇವರಿಗೆ ಹೇಗೆ ತಿಳಿಯಿತು? ಅವರು ಆ ಕಡೆ ತಿರುಗಿದಾಗ ಜೋರಾಗಿ ಕೂಗಿದೆ: "ಮಾಯ್!" ಏನೂ ಇಲ್ಲ. ಇನ್ನೂ ಜೋರಾಗಿ. ಏನೂ ಇಲ್ಲ. ಎದುರಿಗೆ ಬಂದು ಮಾಸ್ಕ್ ಹಾಕಿಕೊಂಡು ಮಾತಾಡಿದೆ. ನಕ್ಕು ತಲೆಯಾಡಿಸಿದರು.

ಜಗಲಿಯ ಆ ತುದಿಗೆ ಹೋಗಿ ಮಾಸ್ಕ್ ತೆಗೆದೆ. "ಎಷ್ಟು ವರ್ಷದಿಂದ?"

ಬಾಗಿಲ ಚೌಕಟ್ಟಿಗೆ ಒರಗಿದರು.

"ಸಾಂತಾನ್ ಮೊದಲ್ನೇ ಸಲ ಹಡಗು ಹತ್ತಿದ ವರ್ಷದಿಂದ. ಕಿವಿ ಒಂದೇ ಸಲ ಹೋಗ್ಲಿಲ್ಲ, ಬರ್ತಾ ಬರ್ತಾ. ಮುಖ ನೋಡ್ತಿದ್ರೆ ಸಾಕಾಗ್ತಿತ್ತು. ಈಗ ಎಲ್ರೂ ಮುಖ ಮುಚ್ಚಿಕೊಂಡ್ರಿ."

"ಹೇಳಬಾರದಿತ್ತಾ?"

"ಹೇಳಿದ್ರೆ ಮಗೂನ ನನ್ನ ಹತ್ರ ಬಿಡ್ತಿದ್ಯಾ?"

ಟವೆಲಿನಿಂದ ತಲೆ ಒರೆಸಿಕೊಂಡೆ.

"ತೊಟ್ಟಿಲ ಮೇಲೆ ಕೈ ಇಟ್ಟೇ ಇರ್ತಿದ್ದೆ ಬಾಯೆ. ಅವನು ಅತ್ರೆ ಕೈಗೆ ಗೊತ್ತಾಗುತ್ತೆ. ಒಳ್ಳೇ ದರ್ಜಿ ಥರ ಟೇಪು ಹಿಡಿದು ಬಂದೆಯಲ್ಲ ನೀನು..."

ಸಿಟ್ಟಿನಿಂದ ಹೇಳಿದ್ದರೆ ಚೆನ್ನಾಗಿತ್ತು.

ಜುಲೈ 21

ಪ್ರಿಸ್ಕಾಗೆ ಎಲ್ಲ ಹೇಳಿದೆ.

"ಕಿವುಡಾ? ಹಾಗಾದ್ರೆ ಇನ್ನೂ ಅಪಾಯ. ಮಗು ಇರೋ ಮನೆ. ಆ ಜಾಗಕ್ಕೆ ಎಷ್ಟು ಜನರ ಕಾಲು ಹಿಡಿದಿದ್ದೀನಿ ಗೊತ್ತಾ? ಗುರುವಾರ ಬರ್ತೀನಿ, ಅಷ್ಟೇ."

ನಾನು 'ಆದರೆ' ಅನ್ನುವಷ್ಟರಲ್ಲಿ ಫೋನ್ ಇಟ್ಟುಬಿಟ್ಟಳು. ಮಾಯ್‌ಗೆ ಆಶ್ರಮದ ವಿಷಯ ಹೇಳಿ, ಎಲ್ಲಿಗೂ ಕಳಿಸಲ್ಲ ಎಂದೆ.

ಶಾಪಿನಿಂದ ಪ್ಲಾಸ್ಟಿಕ್ ಫೇಸ್ ಶೀಲ್ಡ್ ತಂದೆ. ಮಾಸ್ಕಿನಷ್ಟು ಕಾಪಾಡುವುದಿಲ್ಲ, ಗೊತ್ತು. ಕಿಟಕಿಗಳೆಲ್ಲ ತೆರೆದಿಟ್ಟಿದ್ದೇನೆ. ಮಾಯ್ ಹೊಟ್ಟೆ ಹಿಡಿದು ನಕ್ಕರು. "ಮೀನಿನ ಗಾಜಿನ ಪೆಟ್ಟಿಗೇಲಿ ತಲೆ ಇಟ್ಟಂಗಿದ್ದೀಯ!"

ಹಂದಿಯ ವಿಷಯ ಹೇಳಿದೆ. "ಅಯ್ಯೋ ದೇವರೇ, ನಾನು ನಕ್ಕೆನಾ?" ಆ ಕ್ಷಣವೇ ಗೇಟಿಗೆ ಹೋದರು. ಕೊನ್ಸೆಸಾಂವ್ ಮಾಸ್ಕಿನೊಳಗಿಂದ ಬೈದದ್ದನ್ನು ನಾನು ಒಂದೊಂದಾಗಿ ತುಟಿಯಾಡಿಸಿ ಮಾಯ್‌ಗೆ ದಾಟಿಸಿದೆ. ಇವರು ತಿರುಗಿ ಬೈದರು. ಅರ್ಧ ಗಂಟೆ. ಮಧ್ಯಾಹ್ನ ಮಾಯ್ ಪೂರ್ತಿ ಬಟ್ಟಲು ಗಂಜಿ ಉಂಡರು.

ಜುಲೈ 22

ಮಂಚದ ಕೆಳಗೆ ಬ್ಯಾಗ್ ಸಿಕ್ಕಿತು. ಜಪಮಾಲೆ, ಸಕ್ಕರೆ ಮಾತ್ರೆ, ನಾಲ್ಕು ಬಟ್ಟೆ. ಅಂಚಿಗೆ ಅಂಚು ಸೇರಿಸಿ ಮಡಿಸಿದ್ದಾರೆ.

"ನಾಳೆ ತಾನೆ?"

"ಇಲ್ಲ ಮಾಯ್. ಎಲ್ಲಿಗೂ ಕಳಿಸಲ್ಲ ಅಂದೆನಲ್ಲ."

"ನೀನು ಅಂತೀಯ. ಆದ್ರೆ ನೀನು ಮೆತ್ತಗಿನವಳು. ಪ್ರಿಸ್ಕಾ ಮುಂದೆ ನಿಲ್ಲೋಕೆ ನಿನ್ನ ಗಂಡನ ಕೈಲೇ ಆಗಲ್ಲ." ಕೆನ್ನೆ ತಟ್ಟಲು ಕೈ ಎತ್ತಿದವರು, ಶೀಲ್ಡ್ ನೋಡಿ ಇಳಿಸಿದರು.

ನಿಜ. ಮದುವೆಯಾದ ನಾಲ್ಕು ವರ್ಷದಲ್ಲಿ ಒಂದು ಸಲವೂ ಪ್ರಿಸ್ಕಾಗೆ ಇಲ್ಲ ಎಂದವಳಲ್ಲ.

ಜುಲೈ 23, ಬೆಳಗ್ಗೆ 11.20

ರಜೆ ಹಾಕಿದ್ದೇನೆ. ಕುರ್ಚಿಯನ್ನು ತೊಟ್ಟಿಲ ಪಕ್ಕಕ್ಕೆ ಎಳೆದಿಟ್ಟೆ. ಮಾಯ್ ನನ್ನ ಮಾತು ನಂಬಿಲ್ಲ. ತಲೆ ಬಾಚಿ, ಇಗರ್ಜಿಗೆ ಹೋಗುವ ಉಡುಪು ತೊಟ್ಟು ಕೂತಿದ್ದಾರೆ. ಎಲ್‌ರಾಯ್ ಅವರ ಬೆರಳು ಕಚ್ಚುತ್ತಿದ್ದಾನೆ.

ಗೇಟಿನಲ್ಲಿ ಕಾರು. ಹಾರ್ನ್. ಮಳೆ, ಪ್ರಿಸ್ಕಾ ಇಳಿಯಲಿಲ್ಲ. ನಾವೇ ಕರೆತಂದು ಹತ್ತಿಸಲಿ ಎಂದು ಕಾಯುತ್ತಿದ್ದಾಳೆ.

ಏನೆಂದು ಶುರು ಮಾಡಲಿ? 'ಇಲ್ಲ' ಎಂದೇ ಶುರು ಮಾಡುವುದು.

ಮತ್ತೆ ಹಾರ್ನ್, ಉದ್ದಕ್ಕೆ. ಮಾಯ್‌ಗೆ ಗೊತ್ತಿಲ್ಲ. ಮಗುವಿನ ಮುಖವನ್ನೇ ನೋಡುತ್ತಿದ್ದಾರೆ. ಅವರು ತಲೆ ಎತ್ತುವುದರೊಳಗೆ ನಾನೇ ಗೇಟಿಗೆ ಹೋಗಿ —